ಮಾಲ್ಗುಡಿ ಡೇಸ್ (ದೂರದರ್ಶನ ಕಥಾಮಾಲಿಕೆ)

ಮಾಲ್ಗುಡಿ ಡೇಸ್: ಆರ್. ಕೆ. ನಾರಾಯಣ್ ಅವರ ಸಣ್ಣಕತೆ, ಕಾದಂಬರಿಗಳನ್ನು ಆಧರಿಸಿ ಶಂಕರ್ ನಾಗ್ ನಿರ್ದೇಶಿಸಿದ ಕಿರುತೆರೆ ಕಥಾಮಾಲಿಕೆ. ಭಾರತದ ದೂರದರ್ಶನದಲ್ಲಿ 1986-87ರಲ್ಲಿ ಮೊದಲ ಬಾರಿ ಪ್ರಸಾರವಾಯಿತು. ನಿರ್ಮಾಪಕ ಟಿ. ಎಸ್. ನರಸಿಂಹನ್, ಛಾಯಾಗ್ರಹಣ ಎಸ್. ರಾಮಚಂದ್ರ, ಸಂಗೀತ ಎಲ್. ವೈದ್ಯನಾಥನ್, ಶೀರ್ಷಿಕೆಯ ರೇಖಾಚಿತ್ರಗಳು ಲೇಖಕರ ತಮ್ಮ ಆರ್. ಕೆ. ಲಕ್ಷ್ಮಣ್ ಅವರವು. ಹೆಚ್ಚಿನ ಚಿತ್ರೀಕರಣ ನಡೆದದ್ದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಶಂಕರ್ ನಾಗ್ ತೆಗೆದ 39 ಕಂತುಗಳಿಗೆ 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದ 15 ಕಂತುಗಳು ಸೇರಿ ಒಟ್ಟು 54 ಆದವು.

ಈ ಮಾಲಿಕೆಯನ್ನು ಸಾಮಾನ್ಯವಾಗಿ ಬಾಲ್ಯದ ನೆನಪುಗಳ ಸಾಲಿಗೆ ಸೇರಿಸಿ ಮಾತಾಡುವುದು ರೂಢಿ. ಸ್ವಾಮಿ ಎಂಬ ಹುಡುಗ, ಅವನ ಟೋಪಿ, ಕ್ರಿಕೆಟ್ಟು, ಅಜ್ಜಿ ಇವಿಷ್ಟೇ ನೆನಪಿನಲ್ಲಿ ಉಳಿದು, ಅದೊಂದು ಮಕ್ಕಳ ಧಾರಾವಾಹಿ ಎಂಬ ಭಾವನೆ ಬೇರೂರಿದೆ. ಆದರೆ ಸ್ವಾಮಿಯ ಕತೆ ಅದರ ಒಂದು ಭಾಗ ಮಾತ್ರ. ಉಳಿದದ್ದರಲ್ಲಿ ಜೇಬುಗಳ್ಳರಿದ್ದಾರೆ, ಕದ್ದವನೆಂಬ ಅಪವಾದ ಹೊತ್ತ ಆಳು ಇದ್ದಾನೆ, ಪಾಳುಗುಡಿಯ ದೆವ್ವವಿದೆ, ಪರೀಕ್ಷೆ ಪಾಸಾದ ರಾತ್ರಿಯೇ ಹೊಳೆಪಾಲಾಗುವ ಹುಡುಗನಿದ್ದಾನೆ. ವಾರಕ್ಕೊಂದು ಹೊಸ ಕತೆ, ಹೊಸ ಪಾತ್ರ, ಕೊನೆಯ ನಿಮಿಷದವರೆಗೂ ಹಿಡಿದಿಡುವ ಕುತೂಹಲ, ಕೊನೆಯಲ್ಲೊಂದು ತಿರುವು. ಪಾಶ್ಚಾತ್ಯ ಕಿರುತೆರೆಯಲ್ಲಿ ಸಸ್ಪೆನ್ಸ್ ಕಥಾಮಾಲಿಕೆ ಎಂದು ಹೆಸರಾದ ಪ್ರಕಾರದ ಲಕ್ಷಣಗಳೇ ಇವು. ಮಾಲ್ಗುಡಿ ಡೇಸ್ ಆ ಪ್ರಕಾರದ ದೂರದ ನೆಂಟ; ಅದರ ಹೆಣಿಗೆಯನ್ನು ಪಡೆದುಕೊಂಡು ರಕ್ತ ಮತ್ತು ಪಿಸ್ತೂಲನ್ನು ಹೊರಗಿಟ್ಟ ನೆಂಟ.

ಪ್ರಕಾರದ ಹಿನ್ನೆಲೆ

ಧಾರಾವಾಹಿಯಲ್ಲಿ ಕತೆ ಒಂದು ಕಂತಿನಿಂದ ಮತ್ತೊಂದಕ್ಕೆ ಹರಿಯುತ್ತದೆ. ಕಥಾಮಾಲಿಕೆಯಲ್ಲಿ ಪ್ರತಿ ಕಂತೂ ತನ್ನಷ್ಟಕ್ಕೆ ಪೂರ್ಣ. ಹಾಗಾಗಿ ಅದಕ್ಕೊಂದು ಕಷ್ಟವಿದೆ: ಪಾತ್ರಗಳು ವಾರವಾರವೂ ಬದಲಾಗುವಾಗ ನೋಡುಗ ಯಾರನ್ನು ನಂಬಿ ಮತ್ತೆ ಬಂದು ಕೂರಬೇಕು? ಅಮೆರಿಕದ ಕಿರುತೆರೆ ಇದಕ್ಕೆ ಕಂಡುಕೊಂಡ ಉತ್ತರ ನಿರೂಪಕ. 1955ರ ಅಕ್ಟೋಬರ್ 2ರಂದು ಸಿಬಿಎಸ್ ವಾಹಿನಿಯಲ್ಲಿ ಆರಂಭವಾದ ‘ಆಲ್ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್’ ಮಾಲಿಕೆಯಲ್ಲಿ ಒಂಬತ್ತು ಗೆರೆಯ ರೇಖಾಚಿತ್ರವೊಂದು ತೆರೆಯ ಮೇಲೆ ಮೂಡಿ, ಅದರೊಳಕ್ಕೆ ಹಿಚ್‌ಕಾಕ್ ಅವರ ದಪ್ಪ ನೆರಳು ನಡೆದು ಬರುತ್ತಿತ್ತು. ಹಿನ್ನೆಲೆಯಲ್ಲಿ ಫ್ರೆಂಚ್ ಸಂಗೀತಗಾರ ಗುನೋ ರಚಿಸಿದ, ಗೊಂಬೆಯೊಂದರ ಶವಯಾತ್ರೆಯ ತಮಾಷೆಯ ಸಂಗೀತ. ಅರ್ಧ ಗಂಟೆಯ ಅವಧಿಯಲ್ಲಿ 1962ರವರೆಗೆ ಅದರ 268 ಕಂತುಗಳು ಬಂದವು. ಆಮೇಲೆ ಒಂದು ಗಂಟೆಯ ರೂಪದಲ್ಲಿ 1965ರವರೆಗೆ ಮುಂದುವರಿಯಿತು. ಅರ್ಧ ಗಂಟೆಯ ಕಂತುಗಳಲ್ಲಿ ಹಿಚ್‌ಕಾಕ್ ಸ್ವತಃ ನಿರ್ದೇಶಿಸಿದ್ದು 17 ಮಾತ್ರ. ಉಳಿದವನ್ನು ಬೇರೆಯವರು ತೆಗೆದರೂ ಅವರ ಮುಖ, ಅವರ ಒಣ ಹಾಸ್ಯ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿತು. 1959ರಲ್ಲಿ ಬಂದ ‘ದ ಟ್ವಿಲೈಟ್ ಝೋನ್’ ಮಾಲಿಕೆಯಲ್ಲಿ ರಾಡ್ ಸರ್ಲಿಂಗ್ ಮಾಡಿದ್ದೂ ಇದನ್ನೇ.

ಭಾರತದಲ್ಲಿ ಕಿರುತೆರೆಯ ಕತೆಗಳ ಸುಗ್ಗಿ ಶುರುವಾದದ್ದು 1984ರ ಜುಲೈಯಲ್ಲಿ ‘ಹಮ್ ಲೋಗ್’ ಬಂದ ಮೇಲೆ. ಪ್ರಾಯೋಜಕರನ್ನು ಹುಡುಕಿಕೊಂಡು ಬಂದ ಹೊರಗಿನ ನಿರ್ಮಾಪಕರಿಗೆ ದೂರದರ್ಶನ ಬಾಗಿಲು ತೆರೆಯಿತು. ಸಾಮಾನ್ಯವಾಗಿ 13 ಕಂತುಗಳ ಲೆಕ್ಕದಲ್ಲಿ ಒಪ್ಪಿಗೆ ಕೊಡುತ್ತಿತ್ತು. ಹದಿಮೂರು ವಾರಗಳಲ್ಲಿ ಮುಗಿಯುವ ಲೆಕ್ಕಕ್ಕೆ ಸಣ್ಣಕತೆ ಹೇಳಿ ಮಾಡಿಸಿದಂತಿತ್ತು. ಬಾಸು ಚಟರ್ಜಿಯವರ ‘ದರ್ಪಣ್’, ಮಂಜು ಸಿಂಗ್ ನಿರ್ಮಿಸಿದ ‘ಏಕ್ ಕಹಾನಿ’, ಶ್ಯಾಮ್ ಬೆನಗಲ್ ಮತ್ತಿತರರ ‘ಕಥಾ ಸಾಗರ್’ ಒಂದರ ಹಿಂದೊಂದು ಬಂದದ್ದು ಹೀಗೆ. ಇವುಗಳ ನಡುವೆ ಸಸ್ಪೆನ್ಸ್ ಪ್ರಕಾರಕ್ಕೆ ನೇರವಾಗಿ ಸೇರಿದ್ದು ‘ಸತ್ಯಜಿತ್ ರೇ ಪ್ರೆಸೆಂಟ್ಸ್’. ರೇ ಅವರ ಕತೆಗಳನ್ನು ಮಗ ಸಂದೀಪ್ ರೇ ನಿರ್ದೇಶಿಸಿದ ಆ 13 ಕಂತುಗಳ ಹೆಸರಿನಲ್ಲೇ ಹಿಚ್‌ಕಾಕ್ ನೆರಳು ಕಾಣುತ್ತದೆ.

ಕನ್ನಡದ ನೋಡುಗರಿಗೆ ಬಿಡಿಕತೆಗಳ ಗೊಂಚಲು ಹೊಸದಾಗಿರಲಿಲ್ಲ. ಪುಟ್ಟಣ್ಣ ಕಣಗಾಲರು 1976ರಲ್ಲೇ ‘ಕಥಾ ಸಂಗಮ’ ಚಿತ್ರದಲ್ಲಿ ಮೂವರು ಲೇಖಕರ ಮೂರು ಕತೆಗಳನ್ನು ಒಂದೇ ಟಿಕೇಟಿಗೆ ತೋರಿಸಿದ್ದರು. ಕುತೂಹಲದ ಕಡೆಗೆ ಬಂದರೆ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಟಿ. ಕೆ. ರಾಮರಾಯರ ಕಾದಂಬರಿಗಳವರೆಗೆ ಕನ್ನಡ ಓದುಗರು ಬೆಳೆದದ್ದೇ ರಹಸ್ಯಗಳ ಮೇಲೆ. ಕಾಶೀನಾಥರ ‘ಅಪರಿಚಿತ’ (1978) ಚಿತ್ರಮಂದಿರದಲ್ಲಿ ಅದೇ ರುಚಿಯನ್ನು ಉಣಬಡಿಸಿತ್ತು. ಮುಂದೆ ಮಾಲ್ಗುಡಿಯ ರಾಗಕ್ಕೆ ಒಡೆಯರಾದ ಎಲ್. ವೈದ್ಯನಾಥನ್ ಅವರೇ ಆ ಚಿತ್ರಕ್ಕೂ ಸಂಗೀತ ನೀಡಿದ್ದರು.

ಪುಸ್ತಕದಿಂದ ತೆರೆಗೆ

1906ರಲ್ಲಿ ಮದರಾಸಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ನಾರಾಯಣ್ ಮಾಲ್ಗುಡಿ ಎಂಬ ಊರನ್ನು ಕಲ್ಪಿಸಿಕೊಂಡದ್ದು 1930ರ ವಿಜಯದಶಮಿಯಂದು, ಬೆಂಗಳೂರಿನಲ್ಲಿ. ಮೊದಲು ಕಣ್ಣಿಗೆ ಕಟ್ಟಿದ್ದು ಒಂದು ಪುಟ್ಟ ರೈಲು ನಿಲ್ದಾಣ; ಊರು ಆಮೇಲೆ ಅದರ ಸುತ್ತ ಬೆಳೆಯಿತು. ಸರಯೂ ನದಿ, ಮೆಂಪಿ ಬೆಟ್ಟ, ಲಾಲಿ ರಸ್ತೆ, ಕಬೀರ ಬೀದಿ, ಆಲ್ಬರ್ಟ್ ಮಿಶನ್ ಶಾಲೆ ಒಂದೊಂದೇ ಸೇರಿಕೊಂಡವು. ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರ ಶಿಫಾರಸಿನಿಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ‘ಮಾಲ್ಗುಡಿ ಡೇಸ್’ ಹೆಸರಿನ ಕಥಾಸಂಗ್ರಹವನ್ನು 1943ರಲ್ಲಿ ನಾರಾಯಣ್ ತಮ್ಮದೇ ಪ್ರಕಾಶನದಿಂದ ಹೊರತಂದರು. ಇಂದು ಅಂಗಡಿಯಲ್ಲಿ ಸಿಗುವ ಅದೇ ಹೆಸರಿನ ಪುಸ್ತಕ 1982ರದು. ಹಳೆಯ ಸಂಗ್ರಹಗಳಿಂದ ಆಯ್ದ ಕತೆಗಳೂ ಹೊಸವೂ ಸೇರಿ ಅದರಲ್ಲಿ 32 ಕತೆಗಳಿವೆ. ಕಿರುತೆರೆ ಮಾಲಿಕೆ ಹೆಸರನ್ನು ಇದರಿಂದ ಪಡೆದರೂ ಕತೆಗಳಿಗೆ ಇದೊಂದನ್ನೇ ನೆಚ್ಚಿಕೊಳ್ಳಲಿಲ್ಲ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಮತ್ತು ‘ದ ವೆಂಡರ್ ಆಫ್ ಸ್ವೀಟ್ಸ್’ (1967) ಕಾದಂಬರಿಗಳು ಹಲವು ಕಂತುಗಳಾಗಿ ಹರಡಿಕೊಂಡವು. ಕಟ್ಟುನಿಟ್ಟಾಗಿ ನೋಡಿದರೆ ಇದು ಕಥಾಮಾಲಿಕೆಯೊಳಗೆ ಎರಡು ಕಿರುಧಾರಾವಾಹಿಗಳನ್ನು ಅಡಗಿಸಿಕೊಂಡ ಮಿಶ್ರ ರೂಪ.

ನಾರಾಯಣ್ ಕೃತಿಗಳನ್ನು ತೆರೆಗೆ ತರುವುದು ಸುಲಭದ ಕೆಲಸವಲ್ಲ ಎಂಬುದು ಆಗಲೇ ಗೊತ್ತಾಗಿತ್ತು. ದೇವ್ ಆನಂದ್ ಅವರ ‘ಗೈಡ್’ (1965) ಭಾರಿ ಯಶಸ್ಸು ಕಂಡರೂ, ಮಾಲ್ಗುಡಿಯನ್ನು ಕಿತ್ತು ರಾಜಸ್ಥಾನದಲ್ಲಿ ನೆಟ್ಟದ್ದು ಲೇಖಕರಿಗೆ ಹಿಡಿಸಲಿಲ್ಲ. ದಾರಿ ತಪ್ಪಿದ ಗೈಡ್ ಎಂಬ ಅರ್ಥದ ತಲೆಬರಹ ಕೊಟ್ಟು ಅದರ ಮೇಲೆ ಒಂದು ಕಟಕಿಯ ಪ್ರಬಂಧವನ್ನೇ ಬರೆದರು. ಕನ್ನಡದವರು ಇದಕ್ಕೆ ಬೇರೆಯೇ ಜಾಡು ಹಿಡಿದರು. ಟಿ. ಎಸ್. ನಾಗಾಭರಣ ನಿರ್ದೇಶನದ, ಲೋಕೇಶ್ ಮುಖ್ಯಪಾತ್ರದಲ್ಲಿದ್ದ ‘ಬ್ಯಾಂಕರ್ ಮಾರ್ಗಯ್ಯ’ (1983) ‘ದ ಫೈನಾನ್ಶಿಯಲ್ ಎಕ್ಸ್‌ಪರ್ಟ್’ ಕಾದಂಬರಿಯನ್ನು ಊರು ಬಿಡಿಸದೆ ತೆರೆಗೆ ತಂದಿತು. ಅದರ ನಿರ್ಮಾಪಕರಲ್ಲಿ ಒಬ್ಬರಾದ ನರಸಿಂಹನ್ ಅವರೇ ಮೂರು ವರ್ಷ ಕಳೆದು ಮಾಲ್ಗುಡಿ ಡೇಸ್ ಕೈಗೆತ್ತಿಕೊಂಡರು.

ನಿರ್ದೇಶಕ ಶಂಕರ್ ನಾಗ್ (1954-1990) ಆಗ ಕನ್ನಡದ ಜನಪ್ರಿಯ ನಾಯಕನಟ. ಹೊನ್ನಾವರದ ಕಡೆಯವರು, ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ, ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದ ಅಭಿನಯಕ್ಕೆ ಅಂತರರಾಷ್ಟ್ರೀಯ ಚಿತ್ರೋತ್ಸವದ ಪ್ರಶಸ್ತಿ ಗೆದ್ದವರು. ಬೆಂಗಳೂರಿನಲ್ಲಿ ‘ಸಂಕೇತ್’ ನಾಟಕ ತಂಡ ಕಟ್ಟಿದ್ದರು. ‘ಮಿಂಚಿನ ಓಟ’ (1980), ‘ಆಕ್ಸಿಡೆಂಟ್’ (1985) ಎರಡನ್ನೂ ನಿರ್ದೇಶಿಸಿ ಬಿಗಿಯಾದ ಕತೆ ಹೇಳುವ ಕೈಚಳಕ ತೋರಿಸಿದ್ದರು. ಮೊದಲನೆಯದು ಜೈಲಿನಿಂದ ಓಡುವವರ ಕತೆ, ಎರಡನೆಯದು ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿದ ಪ್ರಕರಣವನ್ನು ಬೆನ್ನಟ್ಟುವ ಕತೆ. ಮಾಲ್ಗುಡಿಯ ನಿಧಾನವನ್ನು ಚಿತ್ರಿಸಿದ ಕೈ ವೇಗ ಕಲಿತ ಕೈ ಎಂಬುದನ್ನು ಮರೆಯಬಾರದು. ಕಂತುಗಳು ಎಷ್ಟೇ ಸಾವಕಾಶವಾಗಿ ತೋರಿದರೂ ಒಂದು ದೃಶ್ಯವೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಪಾತ್ರವರ್ಗವನ್ನು ಬಹುಪಾಲು ಕನ್ನಡ ಚಿತ್ರರಂಗದಿಂದಲೂ ಬೆಂಗಳೂರಿನ ಹವ್ಯಾಸಿ ರಂಗಭೂಮಿಯಿಂದಲೂ ಆರಿಸಿಕೊಳ್ಳಲಾಯಿತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ವಕೀಲ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಮಿಠಾಯಿ ಅಂಗಡಿಯ ಜಗನ್ ಆಗಿ ಅನಂತನಾಗ್ ತಮಗಿಂತ ಬಹಳ ಹಿರಿಯ ವಯಸ್ಸಿನ ಗಾಂಧಿವಾದಿಯ ಪಾತ್ರವನ್ನು ಮೈದುಂಬಿಕೊಂಡರು. ಆಗ ತಾರಾಪಟ್ಟದ ಉತ್ತುಂಗದಲ್ಲಿದ್ದ ವಿಷ್ಣುವರ್ಧನ್ ಒಂದೇ ಕಂತಿಗಾಗಿ ಕಡಿಮೆ ಸಂಬಳದ ಗುಮಾಸ್ತನಾಗಿ ಬಂದರು. ಅರುಂಧತಿ ನಾಗ್, ರಮೇಶ್ ಭಟ್ ಮೊದಲಾದವರು ಬೇರೆ ಬೇರೆ ಕಂತುಗಳಲ್ಲಿ ಕಾಣಿಸಿಕೊಂಡರು. ಶಂಕರ್ ನಾಗ್ ಕೂಡ ಆಗಾಗ ಬಣ್ಣ ಹಚ್ಚಿದರು. ಒಬ್ಬ ನಟ ಒಂದು ವಾರ ಸಾಹುಕಾರ, ಮತ್ತೊಂದು ವಾರ ಜವಾನ ಆಗುವುದು ನಾಟಕ ತಂಡಗಳಲ್ಲಿ ನಿತ್ಯದ ಮಾತು. ಕಥಾಮಾಲಿಕೆಗೆ ಈ ಪದ್ಧತಿ ಚೆನ್ನಾಗಿ ಒಗ್ಗಿತು.

ಮೊದಲ 13 ಕಂತುಗಳನ್ನು ಇಂಗ್ಲಿಷಿನಲ್ಲೂ, ಎಲ್ಲ ಕಂತುಗಳನ್ನು ಹಿಂದಿಯಲ್ಲೂ ತಯಾರಿಸಲಾಯಿತು. ಕನ್ನಡದ ತಂಡ, ಕನ್ನಡದ ಮಣ್ಣು, ಹಿಂದಿಯ ಮಾತು ಎಂಬ ವಿಚಿತ್ರ ಜೋಡಣೆ ಹುಟ್ಟಿದ್ದು ದೂರದರ್ಶನದ ರಾಷ್ಟ್ರೀಯ ಜಾಲದ ಲೆಕ್ಕಾಚಾರದಿಂದ. ದಕ್ಷಿಣದ ಊರೊಂದರ ಅಜ್ಜಿ ಹಿಂದಿಯಲ್ಲಿ ಕತೆ ಹೇಳುವುದು ಇವತ್ತು ಕೇಳಿದರೂ ಕೊಂಚ ಅಸಹಜ. ಆದರೂ ಆಗಿನ ಕರ್ನಾಟಕದ ಮನೆಗಳಲ್ಲಿ ಅದನ್ನು ಪರಭಾಷೆಯ ಕಾರ್ಯಕ್ರಮ ಎಂದು ಯಾರೂ ನೋಡಲಿಲ್ಲ. ಮನೆಯ ಹಂಚು, ಜಗಲಿ, ಉಟ್ಟ ಸೀರೆಯ ಬಗೆ, ಹಣೆಯ ವಿಭೂತಿ, ಮುಖಗಳು ಎಲ್ಲವೂ ಪರಿಚಿತವಾಗಿದ್ದುದರಿಂದ ಸಂಭಾಷಣೆ ಅರ್ಧ ತಿಳಿದರೂ ಕತೆ ಪೂರ್ತಿ ದಕ್ಕುತ್ತಿತ್ತು.

ಆಗುಂಬೆಯೆಂಬ ನಿರೂಪಕ

ಹಿಚ್‌ಕಾಕ್ ಮಾಲಿಕೆಗೆ ಹಿಚ್‌ಕಾಕ್ ಇದ್ದಂತೆ ಇಲ್ಲಿ ನಿರೂಪಕ ಯಾರು? ನಾರಾಯಣ್ ತೆರೆಯ ಮೇಲೆ ಬಂದು ಕತೆ ಪರಿಚಯಿಸುವುದಿಲ್ಲ, ಶಂಕರ್ ನಾಗ್ ಕೂಡ ಇಲ್ಲ. ಆ ಕೆಲಸವನ್ನು ಊರೇ ಮಾಡುತ್ತದೆ. ಪಾತ್ರ ಬದಲಾದರೂ ಬೀದಿ ಬದಲಾಗುವುದಿಲ್ಲ. ಕಳೆದ ವಾರ ಟಪಾಲಿನವನು ನಡೆದು ಹೋದ ತಿರುವಿನಲ್ಲೇ ಈ ವಾರ ಜೇಬುಗಳ್ಳ ನಿಂತಿರುತ್ತಾನೆ. ಈ ಅರ್ಥದಲ್ಲಿ ಮಾಲಿಕೆಯ ಅತಿ ಮುಖ್ಯ ನಿರ್ಧಾರ ಸ್ಥಳದ ಆಯ್ಕೆ.

ಆಗುಂಬೆ ಪಶ್ಚಿಮಘಟ್ಟದ ಅಂಚಿನಲ್ಲಿರುವ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಕಾಣುವ ಸಣ್ಣ ಊರು. ದಕ್ಷಿಣದ ಚಿರಾಪುಂಜಿ ಎಂದು ಶಾಲಾಪುಸ್ತಕಗಳು ಕರೆಯುವ ಜಾಗ. ನಾರಾಯಣ್ ಬರೆದ ಮಾಲ್ಗುಡಿ ಮೈಸೂರು, ನಂಜನಗೂಡಿನ ಬಯಲುಸೀಮೆಯ ಬಿಸಿಲನ್ನು ಹೆಚ್ಚು ಹೋಲುತ್ತದೆ. ಅಲ್ಲಿ ಮಾರುಕಟ್ಟೆಯ ಗದ್ದಲವಿದೆ, ಮುನಿಸಿಪಾಲಿಟಿ ಇದೆ, ಕಾಲೇಜಿದೆ. ಆಗುಂಬೆಯಲ್ಲಿ ಅದಾವುದೂ ಇರಲಿಲ್ಲ. ಆದರೆ ಆಧುನಿಕ ಕಟ್ಟಡಗಳ ಕಾಟವಿಲ್ಲದ ನೇರ ರಥಬೀದಿ, ಎರಡೂ ಕಡೆ ಹಂಚಿನ ಮನೆಗಳ ಸಾಲು ಇದ್ದವು. 1930-40ರ ದಶಕವನ್ನು ತೋರಿಸಲು ಮುಚ್ಚಿಡಬೇಕಾದ್ದು ಬಹಳ ಕಡಿಮೆ ಇತ್ತು. ಉಳಿದದ್ದನ್ನು ಕಲಾ ನಿರ್ದೇಶಕ ಜಾನ್ ದೇವರಾಜ್ ಕಟ್ಟಿಕೊಟ್ಟರು. ಸ್ವಾಮಿಯ ಮನೆಯಾದದ್ದು ಅಲ್ಲಿನ ‘ದೊಡ್ಡಮನೆ’, ಒಳಗೆ ತೊಟ್ಟಿ ಅಂಗಳ, ಮರದ ಕಂಬಗಳಿರುವ ಹಳೆಯ ಮನೆ. ಊರವರು ಗುಂಪಿನ ದೃಶ್ಯಗಳಲ್ಲಿ ಓಡಾಡಿದರು. ಕೆಲವು ಕಂತುಗಳ ಭಾಗಗಳನ್ನು ಬೆಂಗಳೂರು, ಮೈಸೂರುಗಳಲ್ಲಿಯೂ ತೆಗೆಯಲಾಯಿತು.

ಆಗುಂಬೆಗೆ ರೈಲು ಇಲ್ಲ, ಮಾಲ್ಗುಡಿಗೆ ಅದಿಲ್ಲದೆ ನಡೆಯದು. ಹಾಗಾಗಿ ಶಿವಮೊಗ್ಗ-ತಾಳಗುಪ್ಪ ಮಾರ್ಗದಲ್ಲಿ, ಹೊಸನಗರ ತಾಲ್ಲೂಕಿನ ಕಾಡಿನ ಮಗ್ಗುಲಿನ ಅರಸಾಳು ನಿಲ್ದಾಣ ಮಾಲ್ಗುಡಿ ನಿಲ್ದಾಣವಾಯಿತು. ಆಗ ಅದು ಮೀಟರ್ ಗೇಜ್ ಹಳಿ.

ಎಸ್. ರಾಮಚಂದ್ರ ‘ಘಟಶ್ರಾದ್ಧ’ದಂಥ ಚಿತ್ರಗಳಲ್ಲಿ ಮಲೆನಾಡಿನ ಮಂಕು ಬೆಳಕನ್ನು ಹಿಡಿದವರು. ಹಂಚಿನ ಸಂದಿಯಿಂದ ಇಳಿಯುವ ಬೆಳಕು, ಲಾಂದ್ರದ ಸುತ್ತ ಮಾತ್ರ ಕಾಣುವ ಮುಖ, ಮಳೆ ನಿಂತ ಮೇಲಿನ ಬೀದಿ, ಇವೆಲ್ಲ ಕತೆಯ ಕುತೂಹಲಕ್ಕೆ ಒದಗಿದ್ದನ್ನು ವಿಮರ್ಶಕರು ಅಷ್ಟಾಗಿ ಗಮನಿಸಿಲ್ಲ. ಕತ್ತಲು ಅವರಿಗೆ ಹೆದರಿಸುವ ಉಪಾಯವಾಗಿರಲಿಲ್ಲ. ವಿದ್ಯುತ್ತು ಇಲ್ಲದ ಮನೆಯಲ್ಲಿ ಸಂಜೆಯಾದ ಮೇಲೆ ಹೇಗಿರುತ್ತದೋ ಹಾಗೆಯೇ ಇತ್ತು.

ಕುತೂಹಲದ ಕಸುಬು

ಬೆರಗಿಗೂ ಆತಂಕಕ್ಕೂ ಇರುವ ಅಂತರವನ್ನು ಹಿಚ್‌ಕಾಕ್ ಒಂದು ಉದಾಹರಣೆಯಿಂದ ವಿವರಿಸುತ್ತಿದ್ದರು. ಮೇಜಿನ ಕೆಳಗೆ ಬಾಂಬು ಇರುವುದು ನೋಡುಗನಿಗೆ ತಿಳಿಯದೆ ಸ್ಫೋಟವಾದರೆ ಕ್ಷಣಕಾಲದ ಬೆರಗು. ಮೊದಲೇ ತಿಳಿದಿದ್ದು, ಮೇಜಿನ ಸುತ್ತ ಕೂತವರಿಗೆ ತಿಳಿಯದಿದ್ದರೆ ಹಲವು ನಿಮಿಷಗಳ ಆತಂಕ. ಮಾಲ್ಗುಡಿಯಲ್ಲಿ ಎರಡೂ ಬಗೆಯ ಕತೆಗಳಿವೆ. ಬಾಂಬಿನ ಜಾಗದಲ್ಲಿ ಒಂದು ಕಾಗದ, ಒಂದು ಪರ್ಸು, ಒಂದು ಚಿನ್ನದ ಸರ ಇರುತ್ತದೆ.

‘ಎ ಹೀರೋ’ ಆತಂಕದ ಕತೆ. ಹುಲಿಯೊಡನೆ ಕಾದಾಡಿದ ಹಳ್ಳಿ ಹುಡುಗನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಧೈರ್ಯ ಎಂದರೆ ಏನೆಂದು ತೋರಿಸಲು ಸ್ವಾಮಿಯನ್ನು ತನ್ನ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಲು ಕಳಿಸುತ್ತಾನೆ. ಅಜ್ಜಿಯ ಮಗ್ಗುಲು ಬಿಟ್ಟು ಮಲಗಿ ಗೊತ್ತಿಲ್ಲದ ಹುಡುಗ. ಬೆಂಚಿನ ಕೆಳಗೆ ಮುದುಡಿಕೊಂಡು, ಕತ್ತಲಲ್ಲಿ ಏನೋ ಹರಿದಾಡಿದ್ದು ಕೇಳಿ, ಭಯದ ಪರಾಕಾಷ್ಠೆಯಲ್ಲಿ ಕೈಗೆ ಸಿಕ್ಕ ಕಾಲನ್ನು ಕಚ್ಚಿಬಿಡುತ್ತಾನೆ. ಅದು ಕುಖ್ಯಾತ ಕಳ್ಳನ ಕಾಲು. ಮರುದಿನ ಊರಿಗೆಲ್ಲ ಸ್ವಾಮಿ ವೀರ; ರಾತ್ರಿಯಾದರೆ ಮತ್ತೆ ಅಜ್ಜಿಯ ಪಕ್ಕ. ನಗುವಿನಲ್ಲಿ ಮುಗಿಯುವುದರಿಂದ ಮಕ್ಕಳ ಕತೆ ಎನಿಸಿದರೂ, ಆ ಕೋಣೆಯ ನಿಮಿಷಗಳು ಯಾವ ಭಯಾನಕ ಚಿತ್ರಕ್ಕೂ ಕಡಿಮೆಯಿಲ್ಲ. ಕಾರ್ನಾಡರ ತಣ್ಣನೆಯ, ಏರದ ದನಿ ಅದಕ್ಕೆ ಅರ್ಧ ಕಾರಣ.

‘ದ ಮಿಸ್ಸಿಂಗ್ ಮೇಲ್’ ಬೆರಗಿನ ಕತೆ. ಟಪಾಲಿನ ತಾನಪ್ಪ ಬೀದಿಯ ಪ್ರತಿ ಮನೆಯ ಕಷ್ಟಸುಖ ಬಲ್ಲವನು. ರಾಮಾನುಜಂ ಅವರ ಮಗಳ ಮದುವೆಗೆ ತನ್ನ ಮನೆಯದೆಂಬಂತೆ ಓಡಾಡುತ್ತಾನೆ. ಮದುವೆ ಮುಗಿದ ಮೇಲೆ ಒಂದು ಕಾಗದ ತಂದು ಕೊಡುತ್ತಾನೆ: ಹತ್ತಿರದ ಬಂಧುವೊಬ್ಬರ ಕಾಯಿಲೆಯ, ಆಮೇಲೆ ಸಾವಿನ ಸುದ್ದಿ. ಮುಹೂರ್ತ ತಪ್ಪದಿರಲೆಂದು ಅವನೇ ತಡೆದಿಟ್ಟಿದ್ದ. ಇದು ಅಪರಾಧ, ನೌಕರಿ ಹೋಗಬಹುದು. ಪತ್ತೇದಾರಿ ಕತೆಯಲ್ಲಿ ತಪ್ಪಿತಸ್ಥ ಯಾರೆಂದು ತಿಳಿದೊಡನೆ ನ್ಯಾಯ ಸಿಕ್ಕಂತೆ. ಇಲ್ಲಿ ತಪ್ಪಿತಸ್ಥ ತಾನಾಗಿ ಒಪ್ಪಿಕೊಂಡಾಗಲೇ ಅವನನ್ನು ಏನು ಮಾಡಬೇಕೆಂದು ತೋಚದೆ ಹೋಗುತ್ತದೆ.

‘ಲೀಲಾಸ್ ಫ್ರೆಂಡ್’ ಇನ್ನಷ್ಟು ಕಟುವಾದ ಕತೆ. ಮಗುವಿನ ಜೊತೆ ಆಟವಾಡುವ ಆಳು ಸಿದ್ದನ ಮೇಲೆ ಚಿನ್ನದ ಸರ ಕದ್ದ ಆರೋಪ. ಪೊಲೀಸರು ಅವನ ಹಳೆಯ ದಾಖಲೆ ತೆಗೆಯುತ್ತಾರೆ. ಸರ ಸಿಗುವುದು ಹುಣಸೆಹಣ್ಣಿನ ಪಾತ್ರೆಯಲ್ಲಿ, ಮಗು ತಾನೇ ಹಾಕಿದ್ದು. ರಹಸ್ಯ ಬಯಲಾಯಿತು, ಸಿದ್ದ ನಿರ್ದೋಷಿ. ಆದರೂ ಯಜಮಾನ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗದು ಎಂದುಬಿಡುತ್ತಾನೆ. ಮಧ್ಯಮವರ್ಗದ ಮನೆಗಳಲ್ಲಿ ಕೂತು ಟಿವಿ ನೋಡುತ್ತಿದ್ದವರಿಗೇ ತಾಗುವ ಮಾತದು.

ಹಿಚ್‌ಕಾಕ್ ಹೇಳಿದ ಆತಂಕಕ್ಕೆ ಅತ್ಯುತ್ತಮ ನಿದರ್ಶನ ವಿಷ್ಣುವರ್ಧನ್ ನಟಿಸಿದ ‘ಫಾರ್ಟಿಫೈವ್ ಎ ಮಂತ್’. ಸಂಜೆ ಸಿನಿಮಾಕ್ಕೆ ಕರೆದೊಯ್ಯುವುದಾಗಿ ಗುಮಾಸ್ತ ವೆಂಕಟರಾಯ ಮಗಳಿಗೆ ಮಾತು ಕೊಟ್ಟಿದ್ದಾನೆ. ಮಗು ಶಾಲೆಯಿಂದ ಬೇಗ ಬಂದು, ಅಂಗಿ ಬದಲಿಸಿ ಕಾಯುತ್ತಿದೆ. ಅತ್ತ ಕಚೇರಿಯಲ್ಲಿ ಕೆಲಸ ಮುಗಿಯುತ್ತಿಲ್ಲ. ಗಡಿಯಾರದ ಎರಡು ಮುಳ್ಳುಗಳೇ ಇಲ್ಲಿ ಖಳನಾಯಕರು. ರೋಸಿಹೋಗಿ ರಾಜೀನಾಮೆ ಬರೆದು ಒಯ್ದರೆ, ಅಲ್ಲಿ ಅವನಿಗೆ ಐದು ರೂಪಾಯಿ ಬಡ್ತಿ ಮಂಜೂರಾದ ಸುದ್ದಿ. ಕಾಗದ ಜೇಬಿಗೆ ಹಿಂತಿರುಗುತ್ತದೆ. ಮನೆಗೆ ಬರುವಾಗ ಮಗು ಅದೇ ಅಂಗಿಯಲ್ಲಿ ನಿದ್ದೆಹೋಗಿದೆ. ತೆರೆಯ ಮೇಲೆ ಹತ್ತಾರು ಜನರನ್ನು ಹೊಡೆದುರುಳಿಸುತ್ತಿದ್ದ ನಟನನ್ನು ಮೇಲಧಿಕಾರಿಯ ಮುಂದೆ ಹೆಗಲು ಕುಗ್ಗಿಸಿ ನಿಲ್ಲಿಸಿದ್ದು ಶಂಕರ್ ನಾಗ್ ಅವರ ಜಾಣತನ.

‘ಟ್ರೇಲ್ ಆಫ್ ದ ಗ್ರೀನ್ ಬ್ಲೇಜರ್’ ಕತೆಯಲ್ಲಿ ಜೇಬುಗಳ್ಳ ರಾಜು ಹಸಿರು ಕೋಟಿನವನ ಪರ್ಸು ಹಾರಿಸುತ್ತಾನೆ. ಒಳಗೆ ತಾಯಿಯಿಲ್ಲದ ಮಗುವಿಗೆಂದು ಕೊಂಡ ಬಲೂನು ಕಂಡು ಮನಸ್ಸು ಕರಗಿ, ಅದನ್ನು ಮರಳಿ ಜೇಬಿಗೆ ಇಡಲು ಹೋಗಿ ಸಿಕ್ಕಿಬೀಳುತ್ತಾನೆ. ಕದಿಯುವಾಗ ನಡುಗದ ಕೈ ಹಿಂದಿರುಗಿಸುವಾಗ ನಡುಗುತ್ತದೆ. ‘ಎಂಜಿನ್ ಟ್ರಬಲ್’ನಲ್ಲಿ ಸಂತೆಯ ಲಾಟರಿಯಲ್ಲಿ ರಸ್ತೆ ರೋಲರ್ ಗೆದ್ದವನ ಗೋಳು ನಗೆಯುಕ್ಕಿಸುತ್ತದೆ. ‘ಈಶ್ವರನ್’ ಕತೆಗೆ ಬಂದರೆ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ: ಇಂಟರ್‌ಮೀಡಿಯೆಟ್‌ನಲ್ಲಿ ಒಂಬತ್ತು ಬಾರಿ ಫೇಲಾದವನು ಹತ್ತನೆಯ ಸಲ ದ್ವಿತೀಯ ದರ್ಜೆಯಲ್ಲಿ ಪಾಸಾಗಿ, ಸಂತೋಷದ ಉನ್ಮಾದದಲ್ಲಿ ಸರಯೂ ನದಿಗೆ ಹಾರುತ್ತಾನೆ. ದೆವ್ವದ ಕತೆ ಬೇಕೆಂದವರಿಗೆ ‘ಓಲ್ಡ್ ಮ್ಯಾನ್ ಆಫ್ ದ ಟೆಂಪಲ್’ ಇದೆ. ನಾರಾಯಣ್ ಅಲ್ಲಿ ದೆವ್ವದೊಡನೆ ಜಗಳವಾಡಿಸದೆ, ಅದು ಸತ್ತಿದೆ ಎಂದು ಅದಕ್ಕೇ ತಿಳಿಹೇಳಿಸುತ್ತಾರೆ.

ನಾರಾಯಣ್ ಬರೆದ ಕುತೂಹಲದ ಕತೆಗಳಲ್ಲಿ ಈ ಲೇಖಕನ ಆಯ್ಕೆ ‘ಗೇಟ್‌ಮನ್ಸ್ ಗಿಫ್ಟ್’. ಇಪ್ಪತ್ತೈದು ವರ್ಷ ಕಂಪನಿಯ ಬಾಗಿಲು ಕಾದು ನಿವೃತ್ತನಾದ ಗೋವಿಂದ ಸಿಂಗ್ ಮಣ್ಣಿನ ಗೊಂಬೆ ಮಾಡಿ ಹಳೆಯ ಯಜಮಾನರಿಗೆ ಕಾಣಿಕೆ ಕೊಡುತ್ತಿರುತ್ತಾನೆ. ಒಂದು ದಿನ ಅವನಿಗೆ ಕಂಪನಿಯಿಂದ ರಿಜಿಸ್ಟರ್ಡ್ ಲಕೋಟೆ ಬರುತ್ತದೆ. ದೊಡ್ಡ ಕಚೇರಿಯಿಂದ ಬಂದದ್ದು ಕೆಟ್ಟ ಸುದ್ದಿಯೇ ಇರಬೇಕು ಎಂದು ಅವನು ಒಡೆಯುವುದೇ ಇಲ್ಲ. ಆ ಭಯ ಅವನನ್ನು ಹುಚ್ಚಿನ ಅಂಚಿಗೆ ತಳ್ಳುತ್ತದೆ. ಕೊನೆಗೆ ಕಂಪನಿಯ ಲೆಕ್ಕಿಗ ಒಡೆದು ನೋಡಿದರೆ ಮೆಚ್ಚುಗೆಯ ಮಾತು, ನೂರು ರೂಪಾಯಿಯ ಚೆಕ್ಕು. ಸರ್ಕಾರಿ ಮುದ್ರೆಯ ಲಕೋಟೆ ಬಂದರೆ ಮನೆಮಂದಿಯೆಲ್ಲ ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದ ಕಾಲದ ಕತೆಯಿದು.

ಶೀರ್ಷಿಕೆಯ ರಾಗ

ಕಂತು ಆರಂಭವಾಗುವುದು ಲಕ್ಷ್ಮಣ್ ಅವರ ಗೆರೆಗಳಿಂದ. ಅಣ್ಣನ ಕ್ರಿಕೆಟಾಡುವ ಹುಡುಗರನ್ನೂ ಪಂಚೆಯುಟ್ಟ ಮುದುಕರನ್ನೂ ತಮ್ಮ ದಶಕಗಳಿಂದ ಪತ್ರಿಕೆ, ಪುಸ್ತಕಗಳಿಗೆ ಬರೆಯುತ್ತಲೇ ಬಂದಿದ್ದರು. ತೆರೆಗೆ ಅವನ್ನು ತಂದದ್ದರಿಂದ ಓದುಗರ ಮಾಲ್ಗುಡಿಗೂ ನೋಡುಗರ ಮಾಲ್ಗುಡಿಗೂ ಕೊಂಡಿ ಸಿಕ್ಕಿತು. ಹಿಚ್‌ಕಾಕ್ ಮಾಲಿಕೆಯ ಶುರುವಿನಲ್ಲೂ ಇದ್ದದ್ದು ಒಂದು ರೇಖಾಚಿತ್ರ ಎಂಬುದು ಕಾಕತಾಳೀಯವೇ ಇರಬಹುದು.

ಆ ಗೆರೆಗಳ ಜೊತೆ ಕೇಳಿಬರುವ ರಾಗ ಎಲ್. ವೈದ್ಯನಾಥನ್ ಅವರದು. ಪಿಟೀಲು ಮನೆತನದವರು, ಎಲ್. ಸುಬ್ರಹ್ಮಣ್ಯಂ, ಎಲ್. ಶಂಕರ್ ಅವರ ಅಣ್ಣ. ‘ತಬರನ ಕಥೆ’, ‘ಪುಷ್ಪಕ ವಿಮಾನ’ಗಳಿಗೂ ಸಂಗೀತ ಕೊಟ್ಟವರು. ಸಾಹಿತ್ಯವಿಲ್ಲದೆ ತಾ-ನಾ ಎಂಬ ಆಲಾಪದಲ್ಲೇ ಸಾಗುವ ಈ ಶೀರ್ಷಿಕೆ ಗೀತೆಗೆ ಭಾಷೆಯ ಹಂಗಿಲ್ಲ. ಹಿಂದಿ ಬಾರದ ಮನೆಯಲ್ಲೂ ಮಕ್ಕಳು ಹಾಡಿಕೊಂಡರು. ಇಂದು ಮಾಲಿಕೆಯ ಒಂದು ಕಂತನ್ನೂ ನೋಡದ ವಯಸ್ಸಿನವರೂ ಮೊಬೈಲಿನಲ್ಲಿ ಅದನ್ನು ಗುರುತಿಸುತ್ತಾರೆ.

ಮುಂದಿನ ದಾರಿ

ಸ್ವಾಮಿಯ ಕಂತುಗಳನ್ನು ಸೇರಿಸಿ ‘ಸ್ವಾಮಿ’ ಎಂಬ ಚಿತ್ರವನ್ನಾಗಿಯೂ ಹೊರತರಲಾಯಿತು. ಮಂಜುನಾಥ್‌ಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು. 1987ರ ಜನವರಿಯಲ್ಲಿ ‘ರಾಮಾಯಣ’ ಶುರುವಾದ ಮೇಲೆ ದೂರದರ್ಶನದ ಗಾಳಿ ಬೇರೆ ದಿಕ್ಕಿಗೆ ತಿರುಗಿತು. ವರ್ಷಗಟ್ಟಲೆ ಎಳೆಯಬಹುದಾದ ಕತೆಗಳಿಗೆ ಬೇಡಿಕೆ ಬಂದು, ಬಿಡಿಕತೆಗಳ ಮಾಲಿಕೆಗಳು ಹಿಂದೆ ಸರಿದವು.

ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಉತ್ತರ ಕರ್ನಾಟಕದ ಕಡೆಗೆ ಹೊರಟಿದ್ದರು. ವಯಸ್ಸು ಮೂವತ್ತಾರು ತುಂಬಿರಲಿಲ್ಲ. ಮಾಲ್ಗುಡಿ ಮತ್ತೆ ತೆರೆಗೆ ಬರಲು ಒಂದೂವರೆ ದಶಕ ಹಿಡಿಯಿತು. ನರಸಿಂಹನ್ ಅವರೇ ನಿರ್ಮಿಸಿ ಕವಿತಾ ಲಂಕೇಶ್ ನಿರ್ದೇಶಿಸಿದ ಹೊಸ ಕಂತುಗಳು 2006ರ ಏಪ್ರಿಲ್ 26ರಿಂದ ದೂರದರ್ಶನದಲ್ಲಿ ಬಂದವು. ಅಷ್ಟರಲ್ಲಿ ನೋಡುಗರ ಮುಂದೆ ನೂರು ವಾಹಿನಿಗಳಿದ್ದವು. ಮೊದಲಿನ ಕಂತುಗಳಿಗೆ ಸಿಕ್ಕ ಜನಪ್ರೀತಿ ಇವಕ್ಕೆ ದಕ್ಕಲಿಲ್ಲ.

ಕನ್ನಡ ಕಿರುತೆರೆಯಲ್ಲಿ ಸಸ್ಪೆನ್ಸ್‌ಗೆ ನೇರವಾಗಿ ಕೈಹಾಕಿ ಗೆದ್ದದ್ದು ಸದಾನಂದ ಸುವರ್ಣರ ‘ಗುಡ್ಡದ ಭೂತ’. ಮೂಲ್ಕಿಯವರಾದ ಸುವರ್ಣ ‘ಘಟಶ್ರಾದ್ಧ’ದ ನಿರ್ಮಾಪಕರು. 1990ರ ದಶಕದ ಆರಂಭದಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂದ ಈ 13 ಕಂತುಗಳು ಕರಾವಳಿಯ ಗುಡ್ಡವೊಂದರ ಭೂತದ ಭಯವನ್ನು ಬೆನ್ನಟ್ಟಿದವು. ಆಗಿನ್ನೂ ಪ್ರಕಾಶ್ ರೈ ಎಂದೇ ಕರೆಸಿಕೊಳ್ಳುತ್ತಿದ್ದ ಪ್ರಕಾಶ್ ರಾಜ್ ಅದರಲ್ಲಿ ನಟಿಸಿದ್ದರು. ಇದು ಒಂದೇ ಕತೆಯ ಧಾರಾವಾಹಿ, ಕಥಾಮಾಲಿಕೆಯಲ್ಲ. ಆದರೂ ನಿಜವಾದ ಊರನ್ನು ಕತೆಯ ಮುಖ್ಯಪಾತ್ರವಾಗಿಸಿದ ರೀತಿ ಎರಡನ್ನೂ ಹತ್ತಿರ ತರುತ್ತದೆ. ಅನೂಪ್ ಭಂಡಾರಿಯವರ ‘ರಂಗಿತರಂಗ’ (2015) ಬಂದಾಗ ಹಳಬರು ಮೊದಲು ನೆನೆದದ್ದು ‘ಗುಡ್ಡದ ಭೂತ’ವನ್ನು. ಬಿಡಿಕತೆಗಳ ರೂಪಕ್ಕೆ ರಿಷಬ್ ಶೆಟ್ಟಿ ಅರ್ಪಿಸಿದ, ಏಳು ನಿರ್ದೇಶಕರು ಏಳು ಕತೆ ಹೇಳಿದ ‘ಕಥಾ ಸಂಗಮ’ (2019) ಮತ್ತೆ ಜೀವ ಕೊಟ್ಟಿತು. ಹೆಸರು ಪುಟ್ಟಣ್ಣನವರಿಂದ ಪಡೆದದ್ದು.

ಮಾಲ್ಗುಡಿಯ ಹೆಸರು ಮಾಲಿಕೆಯಿಂದಾಚೆಗೂ ಬೆಳೆದಿದೆ. ಮೈಸೂರು-ಯಲಹಂಕ ನಡುವೆ ಓಡುವ ರೈಲಿಗೆ ಮಾಲ್ಗುಡಿ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟರು. ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಬಾಳಿದ ಮನೆ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ ಬ್ರಾಡ್‌ಗೇಜ್ ಬಂದ ಮೇಲೆ ಪಾಳು ಬಿದ್ದಿತ್ತು. ಅದನ್ನು ನೈರುತ್ಯ ರೈಲ್ವೆ ಜಾನ್ ದೇವರಾಜ್ ಅವರ ಕೈಯಿಂದಲೇ ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಎಂದು ತೆರೆಯಿತು. ಆಗುಂಬೆಗೆ ಸೂರ್ಯಾಸ್ತ ನೋಡಲು ಬಂದವರು ಈಗಲೂ ದೊಡ್ಡಮನೆಯ ಜಗಲಿ ಹುಡುಕಿಕೊಂಡು ಹೋಗುತ್ತಾರೆ.

ಕನ್ನಡದ ಮಾತು ಮಾತ್ರ ತಡವಾಗಿ ಬಂತು. ಬೇರೆ ಭಾಷೆಯ ಕಾರ್ಯಕ್ರಮಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಚಿತ್ರೋದ್ಯಮದ ಅಘೋಷಿತ ನಿಷೇಧ ದಶಕಗಳ ಕಾಲ ಜಾರಿಯಲ್ಲಿದ್ದು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ನೀಡಿದ ಮೇಲೆ ಸಡಿಲವಾಯಿತು. 2020ರ ಲಾಕ್‌ಡೌನ್ ಕಾಲದಲ್ಲಿ ಹೊಸ ಚಿತ್ರೀಕರಣ ನಿಂತು ವಾಹಿನಿಗಳು ಹಳೆಯ ಪೆಟ್ಟಿಗೆಗಳನ್ನು ತೆರೆದಾಗ, ಮಾಲ್ಗುಡಿ ಡೇಸ್ ಕನ್ನಡಕ್ಕೆ ಡಬ್ ಆಗಿ ಜೀ ಕನ್ನಡದಲ್ಲಿ ಪ್ರಸಾರವಾಯಿತು. ಆಗುಂಬೆಯ ಬೀದಿಯಲ್ಲಿ ಸ್ವಾಮಿ ಕನ್ನಡ ಮಾತಾಡಿದ್ದು ಚಿತ್ರೀಕರಣವಾದ ಮೂರು ದಶಕಗಳ ನಂತರ.